ವಿದೇಶಿ ಆಸ್ಪತ್ರೆಗೆ ಹಣ ಕಟ್ಟಲು ನಗದು, ಕಾರ್ಡ್, ಬ್ಯಾಂಕ್ ವರ್ಗಾವಣೆ: ಯಾವುದು ಅಗ್ಗ?

ತಾಯಿಯವರ ಶಸ್ತ್ರಚಿಕಿತ್ಸೆಗೆ ಹೊರಟಿರುವ ತಾವು ಕೇಳಿರುವ ಈ ಪ್ರಶ್ನೆಯನ್ನೇ ನಾನೂ ತಂದೆಯವರ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆದು ಕೇಳಿದ್ದೆ. ಯಾರ ಶುಲ್ಕ ಕಡಿಮೆ ಎಂಬ ಲೆಕ್ಕಾಚಾರದಲ್ಲೇ ಮುಳುಗಿದ್ದರಿಂದ, ಕಳಿಸಿದ ಹಣ ತಂದೆಯವರ ಹೆಸರಿಗೇ ಜಮೆಯಾಗುತ್ತದೆಯೇ ಎಂದು ವಿಚಾರಿಸುವುದು ನನಗೆ ಹೊಳೆಯಲೇ ಇಲ್ಲ.

ಆಸ್ಪತ್ರೆಯವರು ಅಂದಾಜು ವೆಚ್ಚದ ಪತ್ರ ಕಳಿಸಿ, ದಾಖಲಾಗುವ ಮೊದಲೇ ಪೂರ್ತಿ ಮೊತ್ತವನ್ನು ಮುಂಗಡವಾಗಿ ಕಟ್ಟಬೇಕೆಂದು ತಿಳಿಸಿದ್ದರು. ನಾನು ನನ್ನ ಖಾತೆಯಿಂದ ಸ್ವಿಫ್ಟ್ (ಬ್ಯಾಂಕುಗಳು ದೇಶ ದೇಶಗಳ ನಡುವೆ ಪಾವತಿ ಸಂದೇಶ ಕಳಿಸುವ ಜಾಲ) ಮೂಲಕ ಹಣ ಕಳಿಸಿದೆ. ಅರ್ಜಿಯಲ್ಲಿ ಪಾವತಿಯ ವಿವರಕ್ಕೆಂದು ಇದ್ದ ಜಾಗದಲ್ಲಿ ‘ಚಿಕಿತ್ಸಾ ವೆಚ್ಚ’ ಎಂದಷ್ಟೇ ಬರೆದೆ. ಅಂದಾಜು ಪತ್ರದ ಮೇಲ್ತುದಿಯಲ್ಲಿ, ದಿನಾಂಕದ ಕೆಳಗೆ, ತಂದೆಯವರ ರೋಗಿ ನೋಂದಣಿ ಸಂಖ್ಯೆ ಅಚ್ಚಾಗಿತ್ತು, ಅದನ್ನು ಬರೆಯಲಿಲ್ಲ. ಇದರ ಪರಿಣಾಮವನ್ನು ತಾವು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಹಲವು ದೇಶಗಳ ರೋಗಿಗಳ ಹಣ ಆಸ್ಪತ್ರೆಯ ಒಂದೇ ಖಾತೆಗೆ ಬಂದು ಬೀಳುತ್ತಿತ್ತು. ಅಲ್ಲಿನ ಲೆಕ್ಕಪತ್ರ ವಿಭಾಗದವರಿಗೆ ಕಂಡದ್ದು ನನ್ನ ಹೆಸರೇ ಹೊರತು ತಂದೆಯವರ ಹೆಸರಲ್ಲ. ಮೊತ್ತ ನೋಡಿಯಾದರೂ ಗುರುತಿಸೋಣವೆಂದರೆ ಅದೂ ತಾಳೆಯಾಗುತ್ತಿರಲಿಲ್ಲ, ಏಕೆಂದರೆ ಅಗ್ಗವೆಂದು ನಾನು ಶುಲ್ಕವನ್ನು ಇಬ್ಬರೂ ಹಂಚಿಕೊಳ್ಳುವ ಎಸ್‌ಎಚ್‌ಎ ಆಯ್ಕೆಯನ್ನು ಗುರುತು ಮಾಡಿದ್ದೆ, ನಡುವಿನ ಬ್ಯಾಂಕು ತನ್ನ ಪಾಲನ್ನು ಅಸಲಿನಲ್ಲೇ ಮುರಿದುಕೊಂಡಿತ್ತು. ಹೀಗೆ ಯಾರದೆಂದು ತಿಳಿಯದ ಹಣ ಅನಾಮತ್ತು ಖಾತೆಯಲ್ಲಿ ಕುಳಿತಿತ್ತು. ದಾಖಲಾತಿಯ ಬೆಳಿಗ್ಗೆ ತಂದೆಯವರು ಉಪವಾಸದಲ್ಲಿ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದರೆ, ಕೌಂಟರಿನವರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ ಜಮೆ ಸೊನ್ನೆ ಎಂದು ತೋರಿಸಿದರು. ನಮ್ಮ ಬ್ಯಾಂಕಿನಿಂದ ಎಂಟಿ 103 ಎಂಬ ಸ್ವಿಫ್ಟ್ ಪಾವತಿ ಸಂದೇಶದ ಪ್ರತಿಯನ್ನು ತರಿಸಿ ಕೊಡುವಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಸರದಿ ಬೇರೊಬ್ಬರಿಗೆ ಹೋಗಿತ್ತು. ಮುಂದಿನ ಸರದಿಯವರೆಗಿನ ವಸತಿ, ಮತ್ತೆ ಮಾಡಿಸಿದ ರಕ್ತಪರೀಕ್ಷೆ ಎಲ್ಲವೂ ನಮ್ಮ ಮೇಲೆ ಬಿತ್ತು.

ಆದ್ದರಿಂದ ಯಾವುದು ಅಗ್ಗ ಎಂದು ಹೋಲಿಸುವುದನ್ನು ತಾವು ಇಂದೇ ನಿಲ್ಲಿಸಬೇಕೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಮುಂಗಡವನ್ನು ಬ್ಯಾಂಕಿನ ಮೂಲಕವೇ, ಮಧ್ಯವರ್ತಿಯ ಖಾತೆಗಲ್ಲದೆ ನೇರವಾಗಿ ಆಸ್ಪತ್ರೆಯ ಖಾತೆಗೇ ಕಳಿಸಿರಿ. ಎಂಟಿ 103ರಲ್ಲಿ ವಿವರಕ್ಕೆ ತಲಾ 35 ಅಕ್ಷರಗಳ 4 ಸಾಲುಗಳಿದ್ದವು. ರೋಗಿಯ ಹೆಸರಿಗೂ ನೋಂದಣಿ ಸಂಖ್ಯೆಗೂ ಅಷ್ಟು ಧಾರಾಳವಾಗಿ ಸಾಕಾಗುತ್ತಿತ್ತು. ಅರ್ಜಿಯ ವಿವರದ ಜಾಗದಲ್ಲಿ ಅವೆರಡನ್ನೂ ತಪ್ಪದೆ ಬರೆಯಿರಿ. ಕಳಿಸುವವರೇ ಎಲ್ಲ ಶುಲ್ಕ ಭರಿಸುವ ಒಯುಆರ್ ಆಯ್ಕೆ ತುಸು ದುಬಾರಿಯಾದರೂ ಅದನ್ನೇ ಕೇಳಿರಿ. 2018ರಿಂದ ಸ್ವಿಫ್ಟ್ ಪಾವತಿಗಳಿಗೆ ಯುಇಟಿಆರ್ ಎಂಬ 36 ಅಕ್ಷರಗಳ ಗುರುತುಸಂಖ್ಯೆ ಕಡ್ಡಾಯವಾಗಿದೆ. ಅದನ್ನು ಪಡೆದು ಆಸ್ಪತ್ರೆಗೆ ಮಿಂಚಂಚೆ ಮಾಡಿ, ರೋಗಿಯ ಹೆಸರಿನಲ್ಲಿ ರಸೀದಿ ಬಂದ ಮೇಲೆಯೇ ಹೊರಡಿರಿ.

ನಗದಿನ ಯೋಚನೆಯನ್ನು ಬಿಟ್ಟುಬಿಡಿ. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ 10,000 ಯೂರೋ ಅಥವಾ ಅದಕ್ಕಿಂತ ಹೆಚ್ಚು, ಅಮೆರಿಕಕ್ಕೆ 10,000 ಡಾಲರಿಗಿಂತ ಹೆಚ್ಚು ಒಯ್ಯುವುದಾದರೆ ಘೋಷಿಸಲೇಬೇಕು. ಅದೂ ಅಲ್ಲದೆ ರೋಗಿಯನ್ನು ನೋಡಿಕೊಳ್ಳುವವರು ಹಣದ ಚೀಲವನ್ನೂ ಕಾಯುತ್ತ ಕೂರಲಾಗದು. ಕಾರ್ಡು ಇರಲಿ, ಆದರೆ ಕೊನೆಯ ಬಿಲ್ಲಿನ ಹೆಚ್ಚುವರಿ ಮೊತ್ತಕ್ಕೆ ಮಾತ್ರ: ತೀವ್ರ ನಿಗಾ ಘಟಕದಲ್ಲಿ ಒಂದು ದಿನ ಹೆಚ್ಚಾದರೂ ಅಂದಾಜು ಮೀರಬಹುದು. ಹೊರಡುವ ಮೊದಲೇ ಮಿತಿಯನ್ನು ಹೆಚ್ಚಿಸಿಕೊಳ್ಳಿರಿ, ಯಂತ್ರವು ಯಾವ ಕರೆನ್ಸಿ ಎಂದು ಕೇಳಿದರೆ ಆ ದೇಶದ್ದನ್ನೇ ಆರಿಸಿರಿ. ನಮ್ಮ ಕರೆನ್ಸಿಯನ್ನು ಆರಿಸಿದರೆ ವಿನಿಮಯ ದರದ ಮೇಲೆ ಅವರು ಹೆಚ್ಚುವರಿ ಸೇರಿಸುತ್ತಾರೆ.

ಪ್ರವಾಸ ವಿಮೆ ಇದೆಯೆಂದು ತಾವು ಬರೆದಿದ್ದೀರಿ. ಅದು ಸಾಮಾನ್ಯವಾಗಿ ಹಠಾತ್ ಕಾಯಿಲೆಗೆ ಮಾತ್ರ, ಮೊದಲೇ ನಿಗದಿಯಾದ ಚಿಕಿತ್ಸೆಗಲ್ಲ. ಬೇರೆ ಆರೋಗ್ಯ ವಿಮೆಯಿದ್ದು ಅದು ವಿದೇಶದ ಚಿಕಿತ್ಸೆಯನ್ನೂ ಭರಿಸುವುದಾದರೆ, ಕಂಪನಿಯ ಖಾತರಿ ಪತ್ರ ದಾಖಲಾಗುವ ಮೊದಲೇ ಆಸ್ಪತ್ರೆಯ ಕೈ ಸೇರಬೇಕು.

ಮುಂಗಡದಲ್ಲಿ ಹಣ ಉಳಿದರೆ ಅದು ಸಾಮಾನ್ಯವಾಗಿ ಬಂದ ಖಾತೆಗೇ ಮರಳುತ್ತದೆ. ಆದ್ದರಿಂದ ಬಿಡುಗಡೆಯ ದಿನವೇ ಮರುಪಾವತಿಯ ಅರ್ಜಿಗೆ ಸಹಿ ಮಾಡಿ, ಐಟಂವಾರು ಬಿಲ್ಲನ್ನು ಮೊಹರು ಹಾಕಿಸಿಕೊಂಡು ಹೊರಡಿರಿ.