ಮನೆಯವರು ಹೋರಾಡಿದರೆ ಆಗಿಹೋದ ಶಿಕ್ಷೆ ಬದಲಾಗುತ್ತದಾ?

ನೀವು ಕೇಳಿರುವುದು ಇಷ್ಟು: ಕೊಲೆ ಕೇಸಿನಲ್ಲಿ ತಮ್ಮನಿಗೆ ಸೆಷನ್ಸ್ ಕೋರ್ಟಿನಲ್ಲಿ ಜೀವಾವಧಿ ಆಗಿದೆ. ಕೊಲೆ ನಡೆದ ದಿನ ಅವನು ಊರಲ್ಲೇ ಇರಲಿಲ್ಲ. ಅಮ್ಮ ಡಿಸಿ ಆಫೀಸಿನ ಮುಂದೆ ಧರಣಿ ಕೂರುತ್ತೇನೆ ಅನ್ನುತ್ತಿದ್ದಾರೆ. ಕೂತರೆ ಏನಾದರೂ ಆಗುತ್ತದಾ?

ಧರಣಿ ಕೂತರೆ ತೀರ್ಪು ಬದಲಾಗಲ್ಲ. ಡಿಸಿಗೆ ಆ ಅಧಿಕಾರವೇ ಇಲ್ಲ. ಆದರೆ ಅಮ್ಮನ ಆ ಹಟ ಇದೆಯಲ್ಲ, ಅದು ಬೇಕು. ಕಟ್ಟಿಹಾಕಬೇಡಿ.

ನಾನು ವಕೀಲನಲ್ಲ, ಬೆಂಗಳೂರಿನಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತ. ಹೈಕೋರ್ಟಿನ ಫೈಲಿಂಗ್ ಕೌಂಟರ್ ಮುಂದೆ ನಿಂತೇ ಅರ್ಧ ಆಯಸ್ಸು ಕಳೆದಿದೆ. ಇಂಥ ಮನೆಯವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೂ ಯಾರಾದರೂ ನಿಮ್ಮ ಪ್ರಶ್ನೆ ಕೇಳಿದರೆ ನನಗೆ ಮೊದಲು ನೆನಪಾಗುವುದು ಜೋಲಾರ್‌ಪೇಟೆಯ ಅರ್ಪುತಮ್ಮಾಳ್. ಬೆಂಗಳೂರಿನಿಂದ ಚೆನ್ನೈ ರೈಲು ಹತ್ತಿದವರಿಗೆ ಆ ಸ್ಟೇಷನ್ ಗೊತ್ತಿರುತ್ತದೆ.

ಅವರ ಮಗ ಪೇರರಿವಾಳನ್. ರಾಜೀವ್ ಗಾಂಧಿ ಹತ್ಯೆ ಕೇಸಿನಲ್ಲಿ 1991ರ ಜೂನ್ 11ರಂದು ಪೊಲೀಸರು ಕರೆದುಕೊಂಡು ಹೋದಾಗ ಅವನಿಗೆ 19 ವರ್ಷ. ವಿಚಾರಿಸಿ ನಾಳೆ ಕಳಿಸುತ್ತೇವೆ ಅಂದಿದ್ದರಂತೆ. 1998ರಲ್ಲಿ ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯ ಕೋರ್ಟು 26 ಜನರಿಗೂ ಗಲ್ಲು ಅಂದಿತು. ಮರುವರ್ಷ ಸುಪ್ರೀಂ ಕೋರ್ಟು 19 ಜನರನ್ನು ಬಿಟ್ಟಿತು, ನಾಲ್ವರಿಗೆ ಗಲ್ಲು ಉಳಿಸಿತು. ಆ ನಾಲ್ವರಲ್ಲಿ ಇವನೂ ಒಬ್ಬ. ಇವನ ಮೇಲಿದ್ದ ಮುಖ್ಯ ಆರೋಪ, ಬಾಂಬಿಗೆ ಎರಡು 9 ವೋಲ್ಟ್ ಬ್ಯಾಟರಿ ತಂದುಕೊಟ್ಟ ಅನ್ನುವುದು.

ಸಾಮಾನ್ಯವಾಗಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿ ಆಗಲ್ಲ. ಟಾಡಾದಲ್ಲಿ ಆಗುತ್ತಿತ್ತು. ತಮಾಷೆ ನೋಡಿ, ಟಾಡಾ ಅಪರಾಧವೇ ಸಾಬೀತಾಗಿಲ್ಲ ಎಂದ ಸುಪ್ರೀಂ ಕೋರ್ಟು, ಅದೇ ಕಾಯ್ದೆಯಲ್ಲಿ ಬರೆಸಿಕೊಂಡ ಹೇಳಿಕೆಯನ್ನು ಮಾತ್ರ ಇಟ್ಟುಕೊಂಡಿತು.

ಆ ತಾಯಿ ಎಲ್ಲಿ ಹೋದರೂ ಹಿಡಿದದ್ದು ಆ ಬ್ಯಾಟರಿಯನ್ನೇ. ಜೈಲಿಗೆ ಹೋಗುವುದು, ಮಗನ ಜೊತೆ ಮಾತಾಡುವುದು, ಬರುವುದು, ಯಾರು ಕರೆದರೂ ಹೋಗಿ ಅದನ್ನೇ ಹೇಳುವುದು. ಪಕ್ಷ, ಜಾತಿ ನೋಡಲಿಲ್ಲ. 2011ರ ಸೆಪ್ಟೆಂಬರ್ 9ಕ್ಕೆ ಗಲ್ಲಿನ ದಿನ ಗೊತ್ತಾಗಿತ್ತು. ಹತ್ತು ದಿನ ಇದೆ ಅನ್ನುವಾಗ ಮದ್ರಾಸ್ ಹೈಕೋರ್ಟು ತಡೆ ಕೊಟ್ಟಿತು. 2013ರಲ್ಲಿ, ಹೇಳಿಕೆ ಬರೆಸಿಕೊಂಡಿದ್ದ ಸಿಬಿಐ ಅಧಿಕಾರಿ ತ್ಯಾಗರಾಜನ್ ಅವರೇ ಬಾಯಿ ಬಿಟ್ಟರು. ಬ್ಯಾಟರಿ ಯಾತಕ್ಕೆ ಅಂತ ತನಗೆ ಗೊತ್ತಿರಲಿಲ್ಲ ಎಂದು ಹುಡುಗ ಹೇಳಿದ್ದ, ಆ ಮಾತನ್ನು ನಾನು ಬರೆಯಲಿಲ್ಲ ಎಂದರು. 22 ವರ್ಷದ ಮೇಲೆ!

2014ರಲ್ಲಿ ಗಲ್ಲು ಹೋಗಿ ಜೀವಾವಧಿ ಆಯಿತು. 2022ರ ಮೇ 18ರಂದು ಬಿಡುಗಡೆ. ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಗಲ್ಲು ತಪ್ಪಿದ್ದು ಕ್ಷಮಾದಾನದ ಅರ್ಜಿ 11 ವರ್ಷ ಕೊಳೆತದ್ದಕ್ಕೆ. ಬಿಡುಗಡೆ ಆದದ್ದು ಸಂವಿಧಾನದ 142ನೇ ವಿಧಿ ಸುಪ್ರೀಂ ಕೋರ್ಟಿಗೆ ಕೊಟ್ಟ ವಿಶೇಷ ಅಧಿಕಾರದಲ್ಲಿ. ನಿರಪರಾಧಿ ಎಂದು ಕೋರ್ಟು ಹೇಳಲಿಲ್ಲ. ಶ್ರೀಪೆರಂಬುದೂರಿನಲ್ಲಿ ರಾಜೀವ್ ಜೊತೆ ಸತ್ತವರ ಮನೆಯವರಿಗೆ ಈ ಬಿಡುಗಡೆ ಬೇರೆಯೇ ಥರ ಕಂಡಿರುತ್ತದೆ, ಅಲ್ವಾ? ನಿಮ್ಮ ಕೇಸಿನಲ್ಲೂ ಸತ್ತವರ ಮನೆ ಒಂದು ಇದೆ. ಅವರ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಆಡಬೇಡಿ. ಸಾಕ್ಷಿಗಳ ಮನೆ ಬಾಗಿಲಿಗಂತೂ ಹೋಗಲೇಬೇಡಿ, ಬೆದರಿಸಿದರು ಅಂತ ಇನ್ನೊಂದು ಕೇಸ್ ಬೀಳುತ್ತದೆ.

ಇಂಗ್ಲೆಂಡಿನಲ್ಲಿ ಇಂಥ ತಾಯಂದಿರು ಗುಂಪೇ ಕಟ್ಟಿಕೊಂಡಿದ್ದಾರೆ, 2010ರಿಂದ. ಜೆಂಗ್‌ಬಾ ಅಂತ ಹೆಸರು. ಕೊಲೆ ಮಾಡಿದವನ ಜೊತೆ ಇದ್ದವರನ್ನೂ ಕೊಲೆಗಾರರೆಂದೇ ಒಳಗೆ ಹಾಕುವ ಪದ್ಧತಿಯ ವಿರುದ್ಧ ಅವರ ಹೋರಾಟ. 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, 1984ರಿಂದ ಕಾನೂನು ದಾರಿ ತಪ್ಪಿತ್ತು ಎಂದು ಒಪ್ಪಿಕೊಂಡಿತು. ಆದರೂ ಹಳೆಯ ಶಿಕ್ಷೆಗಳು ತಾನಾಗಿ ರದ್ದಾಗಲಿಲ್ಲ. ಬಹುತೇಕ ಮಕ್ಕಳು ಒಳಗೇ ಉಳಿದರು.

ನಿಮ್ಮ ವಿಷಯಕ್ಕೆ ಬರೋಣ. ತೀರ್ಪಿನ ಪ್ರತಿಯನ್ನು ಶಿಕ್ಷೆ ಆದವನಿಗೆ ಪುಕ್ಕಟೆ ಕೊಡಬೇಕು. ತಮ್ಮನ ಕೈಗೆ ಸಿಕ್ಕಿದೆಯಾ ವಿಚಾರಿಸಿ. ಹೈಕೋರ್ಟಿಗೆ ಅಪೀಲು ಹಾಕಲು 60 ದಿನ. ಮೀರಿದ್ದರೆ, ಯಾಕೆ ತಡ ಆಯಿತೆಂದು ಕಾರಣ ಬರೆದು ಮನ್ನಾ ಕೇಳಬಹುದು. ಜೈಲಿನಲ್ಲಿರುವವರಿಗೆ ಆದಾಯ ನೋಡದೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುತ್ತಾರೆ, ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಅಪೀಲಿನ ಜೊತೆಗೇ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಎಂಬ ಅರ್ಜಿ ಹಾಕಿಸಿ. ಜೀವಾವಧಿ ಕೇಸಿನಲ್ಲಿ ಅದು ಸುಲಭಕ್ಕೆ ಸಿಗಲ್ಲ, ಆದರೂ ಹಾಕಿಸಿ.

ಆಮೇಲೆ ತೀರ್ಪನ್ನು ಕೂತು ಓದಿ. ಇಡೀ ಮನೆ ಓದಲಿ. ಊರಲ್ಲಿ ಇರಲಿಲ್ಲ ಅಂದಿರಲ್ಲ, ಅದಕ್ಕೆ ಜಡ್ಜ್ ಏನು ಬರೆದಿದ್ದಾರೆ? ನಂಬಲಿಲ್ಲ ಎಂದಿದ್ದಾರಾ, ಅಥವಾ ಆ ಮಾತು ಕೋರ್ಟಿನಲ್ಲಿ ಯಾರೂ ಎತ್ತಲೇ ಇಲ್ವಾ? ಎರಡಕ್ಕೂ ದಾರಿ ಬೇರೆ ಬೇರೆ. ಬಸ್ ಟಿಕೆಟ್ಟೋ, ಕೆಲಸದ ಹಾಜರಿ ಪುಸ್ತಕವೋ, ನಿಮ್ಮ "ಬ್ಯಾಟರಿ" ಅಲ್ಲೇ ಎಲ್ಲೋ ಇರುತ್ತದೆ. ಅಮ್ಮ ಅದೊಂದನ್ನೇ ಹೇಳಲಿ, ಪತ್ರಿಕೆಯವರಿಗಾಗಲಿ, ಶಾಸಕರಿಗಾಗಲಿ. ನನ್ನ ಮಗ ಚಿನ್ನದಂಥವನು ಅಂದರೆ ಯಾರೂ ಬರೆದುಕೊಳ್ಳಲ್ಲ.

ಒಂದು ಸಲ ಮಾಲೂರು ಕಡೆಯ ಯಜಮಾನರೊಬ್ಬರು ಮಗನ ತೀರ್ಪು ತಂದಿದ್ದರು. ಎಂಬತ್ತಕ್ಕೂ ಜಾಸ್ತಿ ಹಾಳೆ. ಒಂದೊಂದಕ್ಕೂ ಲ್ಯಾಮಿನೇಷನ್! ಮಳೆಗೆ ನೆನೆಯಬಾರದು ಅಂತ, ಹಸು ಮಾರಿದ ದುಡ್ಡಿನಲ್ಲಿ ಮಾಡಿಸಿದ್ದರು. ಹೊಲಿಯಲು ಆಗಲ್ಲ, ಸೀಲ್ ಕೂರಲ್ಲ. ಮತ್ತೆ ಅರ್ಜಿ ಹಾಕಿ ಹೊಸ ಪ್ರತಿ ತೆಗೆಸುವಷ್ಟರಲ್ಲಿ ಅವಧಿ ಮೀರಿತು. ಹಾಗಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ, ಸಾಕು. ಎರಡು ಸೆಟ್ ಜೆರಾಕ್ಸ್ ಇರಲಿ.

ತೀರ್ಪು ಬಂದ ತಾರೀಖು ನೀವು ಬರೆದಿಲ್ಲ. ಹೆಸರು, ಕೇಸ್ ನಂಬರ್ ಇಲ್ಲಿ ಹಾಕಬೇಡಿ, ತಾರೀಖು ಮಾತ್ರ ತಿಳಿಸಿ.