ಹನ್ನೊಂದು ಸಾವಿರ ಜನರ ದೇಶಕ್ಕೆ ಲಸಿಕೆ ಹೇಗೆ ತಲುಪುತ್ತೆ?

ಪೆಸಿಫಿಕ್ ಸಾಗರದ ಟುವಾಲು, ಕಿರಿಬಾಟಿಯಂಥ ಪುಟ್ಟ ದ್ವೀಪ ದೇಶಗಳಿಗೆ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಇವೆಲ್ಲ ದುಡ್ಡು ಕೊಡೋದು ಬಿಟ್ಟು ಬೇರೇನಾದರೂ ಮಾಡುತ್ತವಾ ಅಂತ ಕೇಳಿದ್ದೀರಿ. ಮಾಡುತ್ತವೆ. ನನ್ನ ಪ್ರಕಾರ ದುಡ್ಡಿಗಿಂತ ಆ ಕೆಲಸವೇ ದೊಡ್ಡದು. ನಾನು ಕೆಲವು ವರ್ಷ ಲಸಿಕೆ ದಾಸ್ತಾನು ನೋಡಿಕೊಂಡವನು. ಹಾಗಾಗಿ ನನ್ನ ಉತ್ತರ ಲಸಿಕೆ ಕಡೆಗೇ ಜಾಸ್ತಿ ವಾಲುತ್ತದೆ, ಸಹಿಸಿಕೊಳ್ಳಿ.

ಟುವಾಲುವಿನಲ್ಲಿ ಇರೋದು ಸುಮಾರು 11 ಸಾವಿರ ಜನ. ವರ್ಷಕ್ಕೆ ಹುಟ್ಟುವ ಮಕ್ಕಳು ಕೆಲವೇ ನೂರು. ಇಷ್ಟು ಸಣ್ಣ ಆರ್ಡರ್ ಹಿಡಿದು ಲಸಿಕೆ ಕಂಪನಿ ಬಾಗಿಲಿಗೆ ಹೋದರೆ ಯಾರು ತಿರುಗಿ ನೋಡುತ್ತಾರೆ? ನೋಡಿದರೂ ಅವರು ಹೇಳಿದ್ದೇ ರೇಟು. ಅದಕ್ಕೇ ಯುನಿಸೆಫ್ ಹತ್ತಾರು ದೇಶಗಳ ಬೇಡಿಕೆ ಸೇರಿಸಿ ಒಟ್ಟಿಗೆ ಕೊಳ್ಳುತ್ತದೆ. 1991ರಲ್ಲಿ ಪೆಸಿಫಿಕ್ ದ್ವೀಪಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಒಂದು ವ್ಯವಸ್ಥೆ ಶುರುವಾಯಿತು. ಲಸಿಕೆ ಮೊದಲು ಬರುತ್ತದೆ, ದೇಶ ಆಮೇಲೆ ದುಡ್ಡು ಕಟ್ಟುತ್ತದೆ. ದಾನ ಅಲ್ಲ, ಉದ್ರಿ ಲೆಕ್ಕ ಅನ್ನಿ. ಕೆರಿಬಿಯನ್ ಕಡೆ ಹೀಗೆ ಒಟ್ಟಿಗೆ ಕೊಳ್ಳುವ ಕೆಲಸವನ್ನು ಪ್ಯಾನ್ ಅಮೆರಿಕನ್ ಆರೋಗ್ಯ ಸಂಸ್ಥೆ 1970ರ ದಶಕದಿಂದಲೇ ಮಾಡುತ್ತಾ ಬಂದಿದೆ.

ಕೊಂಡ ಮೇಲೆ ನಿಜವಾದ ತಲೆನೋವು ಶುರು. ದಡಾರ ಲಸಿಕೆ ಹೆಚ್ಚಾಗಿ 10 ಡೋಸಿನ ಸೀಸೆಯಲ್ಲಿ ಪುಡಿಯಾಗಿ ಬರುತ್ತದೆ. ಜೊತೆಗೆ ಕೊಟ್ಟ ನೀರು ಬೆರೆಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ದ್ವೀಪದಲ್ಲಿ ಅವತ್ತು ಲಸಿಕೆ ಹಾಕಿಸಿಕೊಳ್ಳಬೇಕಾದ ಮಕ್ಕಳು ಎರಡೇ ಇದ್ದರೆ? ಎಂಟು ಡೋಸು ಕಸಕ್ಕೆ. ಆದರೂ ಒಂದೇ ಮಗು ಬಂದರೂ ಸೀಸೆ ತೆರೆಯಿರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಳಾಗುವುದನ್ನೂ ಲೆಕ್ಕ ಹಾಕಿಯೇ ತರಿಸಬೇಕು. ಸೀಸೆ ಮೇಲೆ ಒಂದು ವೃತ್ತ, ಅದರೊಳಗೆ ಪುಟ್ಟ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕದ ಬಣ್ಣ ಗಾಢವಾಗುತ್ತದೆ. ಅದು ವೃತ್ತದ ಬಣ್ಣಕ್ಕೆ ಬಂತೋ, ಆ ಸೀಸೆ ಮುಗಿದಂತೆ. ದೋಣಿಯಲ್ಲಿ ದಿನಗಟ್ಟಲೆ ಬಂದ ಡಬ್ಬಿ ಬಿಚ್ಚಿದ ನರ್ಸ್ ಮೊದಲು ನೋಡೋದು ಆ ಚೌಕವನ್ನೇ.

ವನುವಾಟು ಸುಮಾರು 80 ದ್ವೀಪಗಳ ದೇಶ. 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಮತ್ತು ಯುನಿಸೆಫ್ ಸೇರಿ ಎರೊಮ್ಯಾಂಗೊ ದ್ವೀಪದಲ್ಲಿ ಡ್ರೋನ್‌ನಲ್ಲಿ ಲಸಿಕೆ ಕಳಿಸಿದರು. ತಲುಪಬೇಕಿದ್ದ ಹಳ್ಳಿಗೆ ಕರೆಂಟಿಲ್ಲ, ಆಸ್ಪತ್ರೆ ಇಲ್ಲ. ನಡೆದು ಹೋಗಬೇಕು, ಇಲ್ಲವೇ ಸಣ್ಣ ದೋಣಿ. ಡ್ರೋನ್ ಸುಮಾರು 40 ಕಿಲೋಮೀಟರ್ ದೂರವನ್ನು 25 ನಿಮಿಷದಲ್ಲಿ ಮುಗಿಸಿತು. ಮೊದಲ ಚುಚ್ಚುಮದ್ದು ಒಂದು ತಿಂಗಳ ಕೂಸಿಗೆ. ಸುದ್ದಿಯಾಗಿದ್ದು ಡ್ರೋನ್. ನನಗೆ ಇಷ್ಟವಾಗಿದ್ದು ಅದರ ಹೊಟ್ಟೆಯಲ್ಲಿದ್ದ ಥರ್ಮೊಕೋಲ್ ಡಬ್ಬಿ, ಐಸ್ ಪ್ಯಾಕು.

ಇನ್ನು ಜನ. ಫಿಜಿಯ ಸುವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕಚೇರಿಯೊಂದಿದೆ, ಪೆಸಿಫಿಕ್‌ನ ದ್ವೀಪಗಳಿಗೆ ಬೇಕಾದ ತಾಂತ್ರಿಕ ನೆರವು ಅಲ್ಲಿಂದ ಹೋಗುತ್ತದೆ. ಕೆಲವು ದೇಶಗಳಲ್ಲಿ ಸಣ್ಣ ಕಚೇರಿಯೂ ಇದೆ. ಸುಮ್ನೆ ಬೋರ್ಡು ಹಾಕಿಕೊಂಡು ಕೂತಿರುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. 2022ರ ಜನವರಿಯಲ್ಲಿ ಟೋಂಗಾ ಬಳಿ ಜ್ವಾಲಾಮುಖಿ ಸಿಡಿದು ಸಮುದ್ರದಡಿಯ ಕೇಬಲ್ ತುಂಡಾಯಿತು. ಇಡೀ ದೇಶಕ್ಕೆ ಹೊರಗಿನ ಸಂಪರ್ಕ ಹೋಯಿತು. ಆ ಮೊದಲ ದಿನಗಳಲ್ಲಿ ವಿಶ್ವಸಂಸ್ಥೆಯ ಬೇರೆ ಅಂಗಗಳಿಗೂ ಟೋಂಗಾ ಸರ್ಕಾರಕ್ಕೂ ನಡುವೆ ಮಾತು ದಾಟಿಸಿದ್ದು ಅಲ್ಲಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಅಧಿಕಾರಿಯ ಸ್ಯಾಟಲೈಟ್ ಫೋನು.

ಹಾಗಂತ ಎಲ್ಲವೂ ಸಲೀಸು ಅಂದುಕೊಳ್ಳಬೇಡಿ. ಸಮೋವಾ ನೋಡಿ. 2018ರಲ್ಲಿ ಅಲ್ಲಿ ದಡಾರ ಲಸಿಕೆಯ ಪುಡಿಗೆ ನೀರಿನ ಬದಲು ತಪ್ಪಾಗಿ ಅರಿವಳಿಕೆಗೆ ಬಳಸುವ ಔಷಧಿ ಬೆರೆಸಿ ಎರಡು ಕೂಸುಗಳು ತೀರಿಕೊಂಡವು. ತಪ್ಪು ಲಸಿಕೆಯದ್ದಲ್ಲ, ಬೆರೆಸಿದ್ದರದ್ದು. ಆದರೆ ಕಾರ್ಯಕ್ರಮ ತಿಂಗಳುಗಟ್ಟಲೆ ನಿಂತಿತು, ಜನರಿಗೆ ಭಯ ಹೊಕ್ಕಿತು. ವದಂತಿ ಹಬ್ಬಿಸುವವರಿಗೆ ಇಷ್ಟು ಸಾಕಲ್ವಾ? ಮರುವರ್ಷ ದಡಾರ ಬಂತು. ಸುಮಾರು ಎರಡು ಲಕ್ಷ ಜನರ ದೇಶದಲ್ಲಿ 5,700ಕ್ಕೂ ಹೆಚ್ಚು ಜನಕ್ಕೆ ತಗುಲಿ 83 ಮಂದಿ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಯುನಿಸೆಫ್ ಲಸಿಕೆ ಕಳಿಸಿತು, ಹೊರದೇಶಗಳಿಂದ ವೈದ್ಯರ ತಂಡಗಳು ಬಂದವು. ಕೊನೆಗೆ ಡಿಸೆಂಬರ್ 5 ಮತ್ತು 6ರಂದು ಸರ್ಕಾರ ದೇಶವನ್ನೇ ಮುಚ್ಚಿ, ಲಸಿಕೆ ಆಗದವರಿದ್ದರೆ ಮನೆ ಮುಂದೆ ಕೆಂಪು ಬಟ್ಟೆ ಕಟ್ಟಿ ಅಂತ ಹೇಳಿತು. ತಂಡಗಳು ಕೆಂಪು ಬಟ್ಟೆ ಕಂಡಲ್ಲೆಲ್ಲ ಇಳಿದು ಸೂಜಿ ಹಾಕುತ್ತಾ ಹೋದವು. ಅಷ್ಟು ಹೊತ್ತಿಗೆ 60ಕ್ಕೂ ಹೆಚ್ಚು ಜನ ಹೋಗಿಯಾಗಿತ್ತು.