ಶಾಲಾ ಸಂಸತ್ತು: ಕೈ ಎತ್ತಿಸಿದರೆ ಸಾಲದೇ?

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ 140 ಮಕ್ಕಳಿದ್ದಾರೆ. ಶಾಲಾ ಸಂಸತ್ತಿಗೆ ಕೈ ಎತ್ತಿಸಿಯೇ ಆಯ್ಕೆ ಮಾಡುತ್ತೇವೆ. ಗುಪ್ತ ಮತದಾನದ ರಗಳೆ ಬೇಕೇ?
– ಶಿಕ್ಷಕಿ, ಮದ್ದೂರು ತಾಲ್ಲೂಕು

ಉತ್ತರ: ಬೇಕು ಮೇಡಂ. ಕೈ ಎತ್ತುವ ಮಗು ನೋಡುವುದು ಅಭ್ಯರ್ಥಿಯನ್ನಲ್ಲ, ಪಕ್ಕದವರ ಕೈಯನ್ನು. ಆಮೇಲೆ ಮೇಷ್ಟ್ರ ಮುಖವನ್ನು. ಹತ್ತು ದಿನ ಮೊದಲೇ ಪ್ರಕಟಣೆ ಹಾಕಿ. ನಾಮಪತ್ರಕ್ಕೆ ಇಬ್ಬರು ಸೂಚಕರ ಸಹಿ ಸಾಕು. ವಾಪಸಾತಿಗೆ ಒಂದು ದಿನ ಕೊಡಿ. ‘ಇಷ್ಟು ಅಂಕ ಬಂದವರೇ ನಿಲ್ಲಬೇಕು’ ಎಂಬ ಷರತ್ತು ಮಾತ್ರ ಬೇಡವೇ ಬೇಡ. ಚಿಹ್ನೆಗೆ ಲಗೋರಿ, ಬುಗುರಿ, ಕೊಡ ಇಡಬಹುದು. ರಾಜಕೀಯ ಪಕ್ಷಗಳ ಚಿಹ್ನೆ ಬಿಡಿ.

ಎಡವಟ್ಟಾಗುವುದು ಮತಪತ್ರ ಮಡಿಸುವಾಗ. ಹಸಿ ಶಾಯಿಯ ಮುದ್ರೆ ಎದುರು ಬದಿಗೆ ಅಂಟಿ, ಎಣಿಸುವಾಗ ಇಬ್ಬರಿಗೂ ಓಟು ಬಿದ್ದಂತೆ ಕಾಣುತ್ತದೆ. ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಲು ಹೇಳಿಕೊಡಿ. ಆಗ ಕಲೆ ಅದೇ ಸಾಲಿನಲ್ಲಿ ಉಳಿಯುತ್ತದೆ. 140ಕ್ಕಿಂತ ಹತ್ತು ಹೆಚ್ಚು ಮುದ್ರಿಸಿ. ಉಳಿದವನ್ನೂ ಲೆಕ್ಕಕ್ಕೆ ಸೇರಿಸಿ. ಬೆರಳಿಗೆ ಮಾರ್ಕರ್ ಪೆನ್ನಿನ ಗುರುತು ಸಾಕು. 1962ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುತ್ತಿರುವುದು ಮೈಸೂರಿನ ಶಾಯಿ ಎಂಬುದನ್ನು ಅಲ್ಲೇ ಹೇಳಿ, ಮಕ್ಕಳ ಕಣ್ಣು ಅರಳುತ್ತದೆ.

ಗೆದ್ದವರಿಗೆ ಬ್ಯಾಡ್ಜ್ ಕೊಟ್ಟು ಸುಮ್ಮನಾದರೆ ಮುಂದಿನ ವರ್ಷ ಯಾರೂ ನಿಲ್ಲುವುದಿಲ್ಲ. ತಿಂಗಳಿಗೊಂದು ಸಭೆ, ಒಂದು ನಡಾವಳಿ ಪುಸ್ತಕ ಇರಲಿ. ಶೌಚಾಲಯದ ನೀರು, ಬಿಸಿಯೂಟದ ಸರದಿಯಂಥ ವಿಷಯದಲ್ಲಿ ಅವರ ನಿರ್ಣಯಕ್ಕೆ ಮುಖ್ಯ ಶಿಕ್ಷಕರು ಬರವಣಿಗೆಯಲ್ಲೇ ಉತ್ತರ ಕೊಡಬೇಕು, ‘ಆಗುವುದಿಲ್ಲ’ ಎಂದಾದರೂ ಸರಿ, ಕಾರಣದೊಂದಿಗೆ.